ಆರು ದಿನದಲ್ಲಿ ಕಾಶಿ, ದೆಹಲಿ ಎರಡೂ ಆಗುತ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ತುಮಕೂರಿನವರು. ದಸರಾ ರಜೆಯಲ್ಲಿ, ವಿಜಯದಶಮಿ ಮುಗಿಸಿಕೊಂಡು ಉತ್ತರ ಭಾರತದ ಕಡೆ ಹೋಗೋಣ ಅಂತಿದ್ದೇವೆ. ನಮ್ಮ ಮನೆಯವರಿಗೆ ಸಿಗುವುದು ನಾಲ್ಕೇ ದಿನ ರಜೆ. ಶನಿವಾರ, ಭಾನುವಾರ ಸೇರಿಸಿದರೆ ಆರು ದಿನ, ಐದು ರಾತ್ರಿ. ಅತ್ತೆಗೆ 68 ವರ್ಷ, ಮಂಡಿ ನೋವಿದೆ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಕಾಶಿಯಲ್ಲಿ ಅವರ ಹೆಸರಲ್ಲಿ ಕಾರ್ಯ ಮಾಡಿಸಬೇಕು ಅನ್ನುವುದು ಅತ್ತೆಯ ಆಸೆ. ಮಗಳು ಏಳನೇ ತರಗತಿ. ಅವಳಿಗೆ ಕೆಂಪು ಕೋಟೆ, ತಾಜ್‌ಮಹಲ್ ನೋಡಬೇಕು. ಕಾಶಿಯಲ್ಲಿ ಮೂರು ರಾತ್ರಿ, ದೆಹಲಿಯಲ್ಲಿ ಎರಡು ರಾತ್ರಿ ಅಂತ ಹಂಚಿಕೊಂಡರೆ ಆಗುತ್ತದಾ? ಇಲ್ಲ, ಒಂದೇ ಊರಿಗೆ ಹೋಗಿಬರುವುದು ಒಳ್ಳೆಯದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಾನಾಗಿದ್ದರೆ ಈ ಸಲ ಕಾಶಿಗೆ ಮಾತ್ರ ಹೋಗುತ್ತಿದ್ದೆ. ಐದೂ ರಾತ್ರಿ ಅಲ್ಲೇ ಇರುತ್ತಿದ್ದೆ. ದೆಹಲಿ, ಆಗ್ರಾ ಮಗಳಿಗಾಗಿಯೇ ಇನ್ನೊಂದು ಪ್ರವಾಸ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಇದನ್ನು ಎಲ್ಲರಿಗೂ ಒಪ್ಪಿಸಬೇಕಾದವರು ನೀವು ತಾನೇ? ಅದರಲ್ಲೂ ಏಳನೇ ತರಗತಿಯ ಹುಡುಗಿಗೆ ಒಪ್ಪಿಸಲು ಗಟ್ಟಿ ಕಾರಣವೇ ಬೇಕು.

ಪ್ರವಾಸದ ಲೆಕ್ಕವನ್ನು ಎಲ್ಲರೂ ರಾತ್ರಿಗಳಲ್ಲಿ ಹಾಕುತ್ತಾರೆ. ಹೋಟೆಲ್ ಬುಕ್ ಮಾಡುವುದು ಹಾಗೆ, ಅದಕ್ಕೇ. ಮೂರು, ಎರಡು ಸೇರಿದರೆ ಐದು, ಸರಿಹೋಯಿತು ಅನಿಸುತ್ತದೆ. ಮನೆಮಂದಿಯ ಪ್ರವಾಸಗಳಿಗೆ ಯೋಜನೆ ಹಾಕಿಕೊಡಲು ಶುರು ಮಾಡಿ ನನಗೆ ಹದಿನೈದು ವರ್ಷದ ಮೇಲಾಯಿತು. ನಾನು ಎಣಿಸುವುದು ಹೊತ್ತುಗಳನ್ನು. ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು, ಸಂಜೆ ಒಂದು. ಆರು ದಿನ ಅಂದರೆ 18 ಹೊತ್ತು. ಒಂದು ಹಾಳೆ ತೆಗೆದುಕೊಂಡು ನನ್ನ ಜೊತೆ ಗೀಟು ಹಾಕುತ್ತಾ ಬನ್ನಿ.

ಶನಿವಾರ ತುಮಕೂರಿನಿಂದ ದೇವನಹಳ್ಳಿಗೆ ಹೋಗಿ ವಿಮಾನ ಹತ್ತಬೇಕು. ಬೆಳಗಿನ ವಿಮಾನ ಅಂದರೆ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೇ ಮನೆ ಬಿಡಬೇಕಾಗುತ್ತದೆ. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನವಿದೆ, ಎರಡೂವರೆ ಗಂಟೆಯ ಆಸುಪಾಸಿನ ಹಾರಾಟ. ಆದರೆ ವಿಮಾನ ಇಳಿಯುವುದು ಬಾಬತ್‌ಪುರದಲ್ಲಿ. ಅಲ್ಲಿಂದ ಊರೊಳಗೆ ಸುಮಾರು 25 ಕಿಲೋಮೀಟರ್. ರೂಮು ಸೇರಿ ಊಟ ಮುಗಿಸುವಷ್ಟರಲ್ಲಿ ಶನಿವಾರದ ಬೆಳಗ್ಗೆ, ಮಧ್ಯಾಹ್ನ ಎರಡೂ ಹೋದವು. ಗುರುವಾರ ವಾಪಸ್ ಬರುವಾಗ ಮಧ್ಯಾಹ್ನ, ಸಂಜೆ ಹೋಗುತ್ತವೆ. ಉಳಿದದ್ದು 14. ಇನ್ನು ಅತ್ತೆಗೆ ಮಧ್ಯಾಹ್ನ ಕಾಲು ಚಾಚಿ ಮಲಗಲು ಬಿಡಲೇಬೇಕು. ಮಂಡಿ ನೋವಿರುವವರನ್ನು ಬೆಳಗಿನಿಂದ ರಾತ್ರಿವರೆಗೆ ಓಡಾಡಿಸಿದರೆ ಮೂರನೇ ದಿನ ಅವರು ರೂಮಿನಿಂದ ಹೊರಗೆ ಬರುವುದಿಲ್ಲ. ಭಾನುವಾರದಿಂದ ಬುಧವಾರದವರೆಗೆ ನಾಲ್ಕು ಮಧ್ಯಾಹ್ನ ಕಳೆಯಿರಿ. ಕಾಶಿಯಲ್ಲೇ ಇದ್ದರೆ ನಿಮ್ಮ ಕೈಯಲ್ಲಿ 10 ಹೊತ್ತು ಇರುತ್ತವೆ.

ಈಗ ದೆಹಲಿಯನ್ನು ಸೇರಿಸೋಣ. ಮಂಗಳವಾರ ಊರು ಬದಲಿಸುತ್ತೀರಿ. ವಂದೇ ಭಾರತ್ ರೈಲು ಮಧ್ಯಾಹ್ನ ಮೂರರ ಸುಮಾರಿಗೆ ವಾರಾಣಸಿ ಬಿಟ್ಟು ರಾತ್ರಿ ಹನ್ನೊಂದರ ಹೊತ್ತಿಗೆ ಹೊಸದಿಲ್ಲಿ ಸೇರುತ್ತದೆ. ಒಳ್ಳೆಯ ಗಾಡಿ, ಕುರ್ಚಿ ಚೆನ್ನಾಗಿದೆ, ಊಟ ಕೊಡುತ್ತಾರೆ. ಆದರೆ ಎಂಟು ಗಂಟೆ ಕೂತು ಹೋಗಬೇಕು. ಹೋಟೆಲ್ ಸೇರಿ ಮಲಗುವಾಗ ಒಂದು ಗಂಟೆ ಆಗಿರುತ್ತದೆ. ಮಂಗಳವಾರದ ಸಂಜೆಯೂ ಹೋಯಿತು, ಬುಧವಾರದ ಬೆಳಗ್ಗೆಯೂ ಹೋಯಿತು. ದೆಹಲಿಗೆ ಉಳಿದದ್ದು ಬುಧವಾರದ ಸಂಜೆ, ಗುರುವಾರದ ಬೆಳಗ್ಗೆ. ಎರಡೇ ಹೊತ್ತು!

ವಿಮಾನದಲ್ಲಿ ಹೋಗುತ್ತೇವೆ ಅಂದಿರಾ? ಹಾರಾಟ ಒಂದೂವರೆ ಗಂಟೆಯೇ. ಆದರೆ ಸಾಮಾನು ಕಟ್ಟಿ, ರೂಮು ಖಾಲಿ ಮಾಡಿ, ಬಾಬತ್‌ಪುರಕ್ಕೆ ಹೋಗಿ, ಎರಡು ಗಂಟೆ ಮುಂಚೆ ಕೂತು, ದೆಹಲಿಯಲ್ಲಿ ಇಳಿದು, ಲಗೇಜ್ ತೆಗೆದುಕೊಂಡು, ಟ್ರಾಫಿಕ್ ದಾಟಿ ಹೋಟೆಲ್ ಸೇರಲು ಆರು ಗಂಟೆ ಬೇಕು. ಮಂಗಳವಾರ ಬೆಳಗ್ಗೆ ಕಾಶಿಯಲ್ಲಿ ಏನೂ ಆಗುವುದಿಲ್ಲ. ಸಂಜೆ ದೆಹಲಿಯಲ್ಲಿ ಯಾರಿಗೂ ಶಕ್ತಿ ಇರುವುದಿಲ್ಲ. ಆಗ ಕಾಶಿಗೆ ಐದು, ದೆಹಲಿಗೆ ಮೂರು. ರೈಲಾದರೆ ಆರು, ಎರಡು. ಹೇಗೆ ಹೋದರೂ ಸಿಗುವುದು ಎಂಟೇ ಹೊತ್ತು.

ಹತ್ತರಲ್ಲಿ ಎರಡು ತಾನೇ ಕಡಿಮೆ, ಅಷ್ಟು ಪರವಾಗಿಲ್ಲ ಅನಿಸಬಹುದು. ಆದರೆ ಆ ಎರಡು ಮೂರು ಹೊತ್ತಿನಲ್ಲಿ ಮಗಳಿಗೆ ಏನು ಸಿಗುತ್ತದೆ ನೋಡಿ. ಅವಳ ಪಟ್ಟಿಯಲ್ಲಿ ತಾಜ್‌ಮಹಲ್ ಇದೆ. ಆಗ್ರಾ ದೆಹಲಿಯಿಂದ 200 ಕಿಲೋಮೀಟರಿಗೂ ಹೆಚ್ಚು. ಹೋಗಿಬರಲು ಒಂದು ಇಡೀ ದಿನ ಬೇಕು. ಬುಧವಾರ ಆಗ್ರಾಕ್ಕೆ ಹೋದರೆ ಅತ್ತೆಯ ವಿಶ್ರಾಂತಿಯೂ ಇಲ್ಲ, ದೆಹಲಿಯೂ ಇಲ್ಲ. ಹೋಗದಿದ್ದರೆ ತಾಜ್ ಇಲ್ಲ. ಕೆಂಪು ಕೋಟೆ ಒಂದಕ್ಕೇ ಮೂರು ಗಂಟೆ ಇಟ್ಟುಕೊಳ್ಳಬೇಕು, ಅದೂ ಬಿಸಿಲಲ್ಲಿ ನಡೆದಾಡುತ್ತಾ. ಅಂದರೆ ಯಾವ ಆಸೆಗಾಗಿ ಪ್ರವಾಸವನ್ನು ಎರಡು ಹೋಳು ಮಾಡುತ್ತಿದ್ದೀರೋ ಆ ಆಸೆಯೇ ಪೂರ್ತಿ ತೀರುವುದಿಲ್ಲ. ಇಂಡಿಯಾ ಗೇಟ್ ಮುಂದೆ ಒಂದು ಫೋಟೋ ಬರುತ್ತದೆ, ಅಷ್ಟೇ.

ಇನ್ನು ಕಾಶಿ ಕಳೆದುಕೊಳ್ಳುವುದನ್ನು ನೋಡಿ. ಎಲ್ಲ ಊರುಗಳ ಹೊತ್ತೂ ಒಂದೇ ಬೆಲೆಯದಲ್ಲ. ದೆಹಲಿ ಹಗಲಿನ ಊರು. ಕೋಟೆ, ಮ್ಯೂಸಿಯಂ ಎಲ್ಲ ಹಗಲು ತೆರೆದಿರುತ್ತವೆ. ಕಾಶಿಯ ಜೀವ ಇರುವುದು ಸೂರ್ಯ ಹುಟ್ಟುವಾಗ ಮತ್ತು ಮುಳುಗಿದ ಮೇಲೆ. ಗಂಗೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿವೆ, ಪೂರ್ವಕ್ಕೆ ಮುಖ ಮಾಡಿವೆ. ಎದುರು ದಡದಲ್ಲಿ ಮನೆಮಠ ಜಾಸ್ತಿ ಇಲ್ಲ, ಮರಳಿನ ಬಯಲು. ಹಾಗಾಗಿ ಹುಟ್ಟುವ ಸೂರ್ಯನ ಬೆಳಕು ಏನೂ ಅಡ್ಡವಿಲ್ಲದೆ ನೇರ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಅಸ್ಸಿ ಘಾಟ್‌ನಲ್ಲಿ ನಸುಕಿನಲ್ಲೇ ಆರತಿ, ವೇದಘೋಷ, ಸಂಗೀತ ನಡೆಯುತ್ತದೆ, ‘ಸುಬಹ್-ಎ-ಬನಾರಸ್’ ಅನ್ನುತ್ತಾರೆ. ಸಂಜೆ ದಶಾಶ್ವಮೇಧದಲ್ಲಿ ದೊಡ್ಡ ಆರತಿ. ಮಧ್ಯಾಹ್ನ ಅಲ್ಲಿ ಬಿಸಿಲು, ಜನಜಂಗುಳಿ, ಧೂಳು. ನೋಡಿ, ಅತ್ತೆ ಮಲಗುವ ಹೊತ್ತೂ ಅದೇ. ವಯಸ್ಸಾದವರಿಗೆ ಇಷ್ಟು ಚೆನ್ನಾಗಿ ಹೊಂದುವ ದಿನಚರಿ ಬೇರೆ ಊರಲ್ಲಿ ಸಿಗುವುದು ಕಷ್ಟ. ಊರು ಬದಲಿಸಿದರೆ ನೀವು ಕೈಬಿಡುವುದು ಇಂಥ ಬೆಳಗ್ಗೆ, ಇಂಥ ಸಂಜೆಗಳನ್ನೇ.

ನನ್ನ ಅನುಭವ ಒಂದನ್ನು ಹೇಳಬೇಕು. ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಐದು ದಿನಕ್ಕೆ ಪ್ರಯಾಗ, ಕಾಶಿ, ಗಯಾ ಮೂರೂ ಮುಗಿಸುವ ಯೋಜನೆ. ಇಷ್ಟು ದೂರ ಬಂದಿದ್ದೇವೆ, ಒಂದೂ ಬಿಡಬಾರದು ಅನ್ನುವುದು ನನ್ನ ಹಟ. ಕಾಶಿಯಲ್ಲಿ ಅಮ್ಮ ದಶಾಶ್ವಮೇಧದ ಮೆಟ್ಟಿಲ ಮೇಲೆ ಕೂತಿದ್ದರು. ಆರತಿ ಅರ್ಧ ಆಗಿತ್ತು. ಬೆಳಗ್ಗೆ ನಾಲ್ಕಕ್ಕೆ ಗಯೆಗೆ ಕಾರು ಬರುತ್ತದೆ, ಏಳಿ ಅಂತ ನಾನೇ ಎಬ್ಬಿಸಿದೆ. ಊರಿಗೆ ಬಂದ ಮೇಲೆ ಅಮ್ಮ ಒಂದೇ ಮಾತು ಹೇಳಿದ್ದು: “ಎಲ್ಲಾ ನೋಡ್ದೆ ಕಣೇ, ಆದ್ರೆ ಎಲ್ಲೂ ಕೂರ್ಲಿಲ್ಲ.” ಆಮೇಲೆ ಅವರನ್ನು ಮತ್ತೆ ಕಾಶಿಗೆ ಕರೆದುಕೊಂಡು ಹೋಗಲು ಆಗಲೇ ಇಲ್ಲ. ಹೊತ್ತುಗಳನ್ನು ಎಣಿಸಲು ನಾನು ಶುರು ಮಾಡಿದ್ದು ಅಂದಿನಿಂದ.

ಆದ್ದರಿಂದ ಎರಡು ಊರುಗಳ ನಡುವೆ ತೂಗುವಾಗ ನಾನು ಕೇಳಿಕೊಳ್ಳುವ ಇನ್ನೊಂದು ಪ್ರಶ್ನೆ ಇದೆ. ಇವೆರಡರಲ್ಲಿ ಯಾವ ಊರಿಗೆ ಆಮೇಲೆ ಸುಲಭವಾಗಿ ಹೋಗಬಹುದು? ನಿಮ್ಮ ಮಗಳಿಗೆ ಹನ್ನೆರಡೋ ಹದಿಮೂರೋ ವರ್ಷ. ಬೆಂಗಳೂರಿನಿಂದ ದೆಹಲಿಗೆ ಬೆಳಗಿನಿಂದ ರಾತ್ರಿವರೆಗೆ ವಿಮಾನಗಳಿವೆ. ದೆಹಲಿ ಅವಳಿಗೆ ಮುಂದಿನ ವರ್ಷವೂ ಸಿಗುತ್ತದೆ, ಕಾಲೇಜಿಗೆ ಬಂದಾಗಲೂ ಸಿಗುತ್ತದೆ. ಅತ್ತೆಯ ಮಂಡಿ ಮುಂದಿನ ವರ್ಷ ಹೇಗಿರುತ್ತದೆ ಅಂತ ಯಾರೂ ಹೇಳಲಾರರು. ಜೊತೆಗೆ ಮಾವನವರ ಕಾರ್ಯವೂ ಇದೆ. ಅದನ್ನು ಗಡಿಬಿಡಿಯಲ್ಲಿ ಮುಗಿಸಬಾರದು. ಅದಕ್ಕೆ ಒಂದು ಬೆಳಗ್ಗೆ ಪೂರ್ತಿ ಬೇಕು, ಆಮೇಲೆ ಮನಸ್ಸು ಸುಮ್ನೆ ಕೂರಲು ಒಂದು ಸಂಜೆ ಬೇಕು. ಗಂಡನ ಹೆಸರಲ್ಲಿ ಎಳ್ಳುನೀರು ಬಿಡಿಸಿದ ಮಾರನೆಯ ದಿನವೇ ಸಾಮಾನು ಕಟ್ಟಿ ಸ್ಟೇಷನ್ನಿಗೆ ಓಡುವುದು ಬೇಡ ಅನ್ನುವುದು ನನ್ನ ಅನಿಸಿಕೆ.

ಹಾಗಾದರೆ ಮಗಳಿಗೆ ಐದು ದಿನ ಕಾಶಿಯಲ್ಲಿ ಬೇಜಾರಾಗುವುದಿಲ್ಲವಾ? ಬರೀ ದೇವಸ್ಥಾನ ತಿರುಗಿಸಿದರೆ ಖಂಡಿತ ಆಗುತ್ತದೆ. ಆದರೆ ಏಳನೇ ತರಗತಿಯ ಹುಡುಗಿಗೆ ಆ ಊರಲ್ಲಿ ಬೇಕಾದಷ್ಟಿದೆ.

ಸಾರನಾಥ ಊರಿಂದ ಹತ್ತು ಕಿಲೋಮೀಟರ್ ಅಷ್ಟೇ. ಬುದ್ಧ ಮೊದಲ ಉಪದೇಶ ಕೊಟ್ಟ ಜಾಗ. ನೋಟಿನ ಮೇಲೆ, ಪಠ್ಯಪುಸ್ತಕದಲ್ಲಿ ಅವಳು ನೋಡಿರುವ ಸಿಂಹಗಳ ಮೂಲ ಶಿಲ್ಪ, ಅಶೋಕ ಸ್ತಂಭದ ತಲೆಭಾಗ, ಅಲ್ಲಿನ ಮ್ಯೂಸಿಯಂನಲ್ಲೇ ಇದೆ. ಎದುರು ನಿಂತಾಗ ಆ ಕಲ್ಲಿನ ನುಣುಪು ನೋಡಿ ದೊಡ್ಡವರೇ ಬೆರಗಾಗುತ್ತಾರೆ. ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ, ನಿಮಗೆ ಆ ತೊಂದರೆ ಇಲ್ಲ. ಹುಲ್ಲುಹಾಸಿನ ದೊಡ್ಡ ಆವರಣ, ಅತ್ತೆ ಒಂದು ಕಡೆ ಕೂತು ಧಮೇಖ್ ಸ್ತೂಪ ನೋಡುತ್ತಿರಬಹುದು.

ದಶಾಶ್ವಮೇಧದ ಪಕ್ಕದ ಮಾನ್ ಮಂದಿರ್ ಘಾಟ್‌ನಲ್ಲಿ ಜೈಪುರದ ರಾಜ ಸವಾಯಿ ಜೈಸಿಂಗ್‌ನ ಜಂತರ್ ಮಂತರ್ ಇದೆ, ಅಂದರೆ ಸೂರ್ಯ, ನಕ್ಷತ್ರಗಳ ಲೆಕ್ಕ ಹಾಕುವ ಹಳೆಯ ವೀಕ್ಷಣಾಲಯ. ದೆಹಲಿಯಲ್ಲಿರುವ ಜಂತರ್ ಮಂತರ್ ಕಟ್ಟಿಸಿದ್ದೂ ಅವನೇ. ಝಾನ್ಸಿ ರಾಣಿ ಲಕ್ಷ್ಮೀಬಾಯಿ ಹುಟ್ಟಿದ್ದು ಕಾಶಿಯಲ್ಲಿ. ಅಸ್ಸಿಯ ಹತ್ತಿರ ಭದೈನಿಯಲ್ಲಿ ಅವಳ ಸ್ಮಾರಕವಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣವನ್ನು ಒಂದು ಇ-ರಿಕ್ಷಾದಲ್ಲಿ ಸುತ್ತಿಸಿ. ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್ ಅಂತ ಅವಳಿಗೆ ಹೇಳಿ. ಹನುಮಾನ್ ಘಾಟ್ ಹತ್ತಿರ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ, ಅದನ್ನೂ ತೋರಿಸಿ. ಅಷ್ಟು ದೂರದಲ್ಲಿ ನಮ್ಮ ಊರಿನ ಹೆಸರು ಕಂಡರೆ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

ಎಲ್ಲಕ್ಕಿಂತ ಹೆಚ್ಚಾಗಿ ನೀವು ಹೋಗುವುದು ದಸರಾ ಸಮಯ. ಗಂಗೆಯ ಆಚೆ ದಡದ ರಾಮನಗರದಲ್ಲಿ ಆಗ ರಾಮಲೀಲಾ ನಡೆಯುತ್ತಿರುತ್ತದೆ. ಕಾಶಿ ಅರಸರು 19ನೇ ಶತಮಾನದಲ್ಲಿ ಶುರು ಮಾಡಿಸಿದ್ದು. ಸುಮಾರು ಒಂದು ತಿಂಗಳ ಆಟ. ಅದಕ್ಕೆ ಒಂದೇ ರಂಗಮಂಟಪ ಅಂತ ಇಲ್ಲ. ಇಡೀ ಊರೇ ರಂಗ. ಒಂದು ಕಡೆ ಅಯೋಧ್ಯೆ, ಇನ್ನೊಂದು ಕಡೆ ಲಂಕೆ, ಜನ ಪಾತ್ರಗಳ ಹಿಂದೆ ನಡೆದುಕೊಂಡು ಹೋಗುತ್ತಾರೆ. ಮೈಕ್ ಇಲ್ಲ. ಬೆಳಕಿಗೆ ಪೆಟ್ರೋಮ್ಯಾಕ್ಸ್ ದೀಪ, ಪಂಜು. ರಾತ್ರಿ ಬಯಲಾಟ ನೋಡಿ ಬೆಳೆದ ನಮ್ಮಂಥವರಿಗೆ ಇದು ಎದೆಗೆ ತಾಕುವ ನೋಟ. ವಿಜಯದಶಮಿಗೆ ಅದು ಮುಗಿಯುವುದಿಲ್ಲ, ಹುಣ್ಣಿಮೆಯ ಹೊತ್ತಿನವರೆಗೂ ಇರುತ್ತದೆ. ನಿಮ್ಮ ಶನಿವಾರ ಹುಣ್ಣಿಮೆಗಿಂತ ಮುಂಚೆ ಬಂದರೆ ಕೊನೆಯ ಭಾಗ ಸಿಗುತ್ತದೆ. ಅಪ್ಪ, ಮಗಳು ಒಂದು ಸಂಜೆ ಅಲ್ಲಿಗೆ ಹೋಗಲಿ. ನೀವೂ ಅತ್ತೆಯೂ ಅಸ್ಸಿಯಲ್ಲಿ ಆರತಿ ನೋಡಿ. ಅಲ್ಲಿನ ಆರತಿ ದಶಾಶ್ವಮೇಧದಷ್ಟು ದೊಡ್ಡದಲ್ಲ, ಆದರೆ ಕೂರಲು ಜಾಗ ಸಿಗುತ್ತದೆ. ದಿನಗಳನ್ನು ಎರಡು ಊರಿಗೆ ಹಂಚುವ ಬದಲು ಒಂದು ಸಂಜೆ ಮನೆಮಂದಿ ಹೀಗೆ ಹಂಚಿಕೊಂಡು ಹೋದರೆ ಇಬ್ಬರಿಗೂ ಬೇಕಾದ್ದು ಸಿಗುತ್ತದೆ, ಅಲ್ವಾ? ಒಟ್ಟಿಗೆ ಬಂದ ಮೇಲೆ ಪ್ರತಿ ಕ್ಷಣವೂ ಒಟ್ಟಿಗೇ ಇರಬೇಕು ಅಂತೇನಿಲ್ಲ. ರಾಮನಗರದಲ್ಲೇ ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆ ಮ್ಯೂಸಿಯಂ ಆಗಿದೆ. ಸ್ವಲ್ಪ ಬೇಗ ಹೋದರೆ ಅದೂ ಆಗುತ್ತದೆ.

ಇಷ್ಟಾದ ಮೇಲೂ ಇನ್ನೊಂದು ಊರು ನೋಡಬೇಕು ಅನಿಸಿದರೆ ಪ್ರಯಾಗ್‌ರಾಜ್ ಇದೆ. ಸುಮಾರು 120 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆಯ ದಾರಿ. ಬೆಳಗ್ಗೆ ಹೋಗಿ ರಾತ್ರಿಗೆ ಅದೇ ರೂಮಿಗೆ ಬರಬಹುದು. ಸಾಮಾನು ಕಟ್ಟುವಂತಿಲ್ಲ, ಔಷಧಿ ಹುಡುಕುವಂತಿಲ್ಲ, ಹೊಸ ಬಾತ್‌ರೂಮಿನಲ್ಲಿ ಅತ್ತೆ ಜಾರುತ್ತಾರೇನೋ ಅನ್ನುವ ಭಯವಿಲ್ಲ. ಸಂಗಮ ಅತ್ತೆಗೆ, ನೆಹರೂ ಮನೆತನದ ಆನಂದ ಭವನ ಮತ್ತು ಚಂದ್ರಶೇಖರ ಆಜಾದ್ 1931ರ ಫೆಬ್ರವರಿ 27ರಂದು ಪ್ರಾಣಬಿಟ್ಟ ಪಾರ್ಕ್ ಮಗಳಿಗೆ. ಬುಧವಾರಕ್ಕೆ ಇಟ್ಟುಕೊಳ್ಳಿ, ಆದರೆ ಟಿಕೆಟ್, ಕಾರು ಏನನ್ನೂ ಮೊದಲೇ ಗೊತ್ತು ಮಾಡಬೇಡಿ. ಮಂಗಳವಾರ ರಾತ್ರಿ ಅತ್ತೆಯ ಕಾಲು ಹೇಗಿದೆ ಕೇಳಿ ತೀರ್ಮಾನಿಸಿ. ಅಯೋಧ್ಯೆ ಈ ಸಲ ಬೇಡ. 200 ಕಿಲೋಮೀಟರಿಗೂ ಜಾಸ್ತಿ ದೂರ, ಒಂದೇ ದಿನದಲ್ಲಿ ಹೋಗಿಬಂದರೆ ಕಾರಿನಲ್ಲೇ ದಿನ ಮುಗಿಯುತ್ತದೆ.

ಮಂಡಿ ನೋವಿನ ವಿಷಯಕ್ಕೆ ಬರುತ್ತೇನೆ, ಅದಕ್ಕೆ ರೂಮಿನ ಜಾಗ ತುಂಬಾ ಮುಖ್ಯ. ಗಂಗೆ ಕಾಣುವ ರೂಮು ಅಂತ ಫೋಟೋ ನೋಡಿ ಬುಕ್ ಮಾಡಬೇಡಿ. ಅಂಥ ಎಷ್ಟೋ ಮನೆಗಳಿಗೆ ಕಾರು ಹೋಗುವುದಿಲ್ಲ, ಗಲ್ಲಿಗಳಲ್ಲಿ ನಡೆಯಬೇಕು, ಲಿಫ್ಟ್ ಇರುವುದಿಲ್ಲ. ಕಂಟೋನ್ಮೆಂಟ್ ಕಡೆಯ ದೊಡ್ಡ ಹೋಟೆಲ್‌ಗಳಲ್ಲಿ ಲಿಫ್ಟ್ ಇದೆ, ಆದರೆ ನಸುಕಿನಲ್ಲಿ ಘಾಟ್‌ಗೆ ಬರುವುದು ದೂರವಾಗುತ್ತದೆ. ನಿಮಗೆ ಅಸ್ಸಿ ಸರಿ. ಕಾರು ಹತ್ತಿರದವರೆಗೆ ಬರುತ್ತದೆ. ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದವರ ಬೀದಿಗಳಿವೆ, ಇಡ್ಲಿ, ಅನ್ನ ಸಾರು ಸಿಗುತ್ತದೆ, ಕನ್ನಡ ಬಲ್ಲ ಪುರೋಹಿತರೂ ಸಿಗುತ್ತಾರೆ. ಆದರೆ ಕಾರ್ಯಕ್ಕೆ ಅಲ್ಲಿ ಹೋಗಿ ಹುಡುಕುವ ಬದಲು ಊರಿನ ಪುರೋಹಿತರನ್ನೇ ಕೇಳಿ, ತಿಥಿ ನೋಡಿಸಿ, ಅವರ ಪರಿಚಯದವರ ಜೊತೆ ಮೊದಲೇ ಮಾತಾಡಿ ದಕ್ಷಿಣೆಯನ್ನೂ ಗೊತ್ತು ಮಾಡಿಕೊಳ್ಳಿ. ಘಾಟ್‌ನಲ್ಲಿ ನಿಂತು ಚೌಕಾಸಿ ಮಾಡುವುದು ಅತ್ತೆಯ ಮನಸ್ಸಿಗೆ ನೋವಾಗುತ್ತದೆ.

ವಿಶ್ವನಾಥನ ದರ್ಶನಕ್ಕೆ ಸೋಮವಾರ ಬೇಡ, ಜನ ಜಾಸ್ತಿ. ಮಂಗಳವಾರ ಬೆಳಗ್ಗೆ ಬೇಗ ಹೋಗಿ. ದೇವಸ್ಥಾನದ ಅಧಿಕೃತ ವೆಬ್‌ಸೈಟ್‌ನಲ್ಲಿ ಉದ್ದ ಸಾಲಿನಲ್ಲಿ ನಿಲ್ಲದೆ ಬೇಗ ಒಳಗೆ ಹೋಗುವ ‘ಸುಗಮ ದರ್ಶನ’ದ ಟಿಕೆಟ್ ಸಿಗುತ್ತದೆ, ಅತ್ತೆಗಾಗಿ ಅದನ್ನು ತೆಗೆದುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಹೊಸ ಆವರಣ ತೆರೆದ ಮೇಲೆ ಒಳಗೆ ಓಡಾಟ ಎಷ್ಟೋ ಸಲೀಸಾಗಿದೆ, ವೀಲ್‌ಚೇರ್ ಕೂಡ ಇದೆ. ಮೊಬೈಲ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ. ದೇವಸ್ಥಾನದ ಹತ್ತಿರದ ಗೋದೌಲಿಯಾ ವೃತ್ತದಿಂದ ಮುಂದೆ ವಾಹನಕ್ಕೆ ಅಡ್ಡಿ ಇರುತ್ತದೆ, ಸ್ವಲ್ಪ ನಡೆಯಲೇಬೇಕು. ಒಂದು ಊರುಗೋಲು ಇರಲಿ. ಮಳೆಗಾಲ ಕಳೆದ ಹೊಸತರಲ್ಲಿ ಕೆಳಗಿನ ಮೆಟ್ಟಿಲುಗಳ ಮೇಲೆ ಹೂಳು ಕೂತಿರುತ್ತದೆ, ಕಾಲು ಜಾರುತ್ತದೆ. ದೋಣಿ ಹತ್ತಲು ನಮೋ ಘಾಟ್ ಒಳ್ಳೆಯದು, ಅಲ್ಲಿ ಇಳಿಜಾರು ದಾರಿ ಮಾಡಿದ್ದಾರೆ. ಅಲ್ಲಿಂದ ಅಸ್ಸಿ ಕಡೆಗೆ ದೋಣಿಯಲ್ಲಿ ಬಂದರೆ ಎಲ್ಲ ಘಾಟ್‌ಗಳೂ ಕೂತಲ್ಲೇ ಕಾಣುತ್ತವೆ.

ನಿಮ್ಮ ಮೂರು-ಎರಡರ ಹಂಚಿಕೆ ಯಾವಾಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ನಿಮಗೆ ಎಂಟು ದಿನ ಇದ್ದಿದ್ದರೆ ಖಂಡಿತ ಹೂಂ ಅನ್ನುತ್ತಿದ್ದೆ. ಹೋಗುವ ಟಿಕೆಟ್ ಕಾಶಿಗೆ, ಬರುವ ಟಿಕೆಟ್ ದೆಹಲಿಯಿಂದ ತೆಗೆದುಕೊಂಡರೆ ಹೋದ ದಾರಿಯಲ್ಲೇ ಹಿಂದೆ ಬರುವುದು ತಪ್ಪುತ್ತದೆ. ಆಗ ಕಾಶಿಗೆ ನಾಲ್ಕು ರಾತ್ರಿ, ದೆಹಲಿಗೆ ಮೂರು ಚೆನ್ನಾಗಿ ಹೊಂದುತ್ತದೆ. ಅಥವಾ ನೀವು ಮೂವರೇ ಹೋಗುತ್ತಿದ್ದರೂ ಆರು ದಿನದಲ್ಲಿ ಹೇಗೋ ಆಗುತ್ತಿತ್ತು.

ಈಗ ಮಗಳ ಮಾತು. “ಮುಂದೆ ಯಾವತ್ತಾದರೂ ಹೋಗೋಣ” ಅಂತ ಮಾತ್ರ ಹೇಳಬೇಡಿ. ಮಕ್ಕಳಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. ದಿನಾಂಕ ಕೊಡಿ. ಫೆಬ್ರವರಿಯ ಒಂದು ಶನಿವಾರ, ಭಾನುವಾರ ಹಿಡಿಯಿರಿ. ಶುಕ್ರವಾರ ಸಂಜೆ ವಿಮಾನ. ಶನಿವಾರ ಬೆಳಗ್ಗೆ ಹಜರತ್ ನಿಜಾಮುದ್ದೀನ್ ಸ್ಟೇಷನ್ನಿನಿಂದ ಗತಿಮಾನ್ ಎಕ್ಸ್‌ಪ್ರೆಸ್ ಹತ್ತಿದರೆ 100 ನಿಮಿಷಕ್ಕೆ ಆಗ್ರಾ. ಸಂಜೆ ಅದೇ ಗಾಡಿಯಲ್ಲಿ ವಾಪಸ್. ಭಾನುವಾರ ಕೆಂಪು ಕೋಟೆ, ಆಮೇಲೆ ರಾಷ್ಟ್ರಪತಿ ಭವನದ ಅಮೃತ ಉದ್ಯಾನ. ಆ ತಿಂಗಳಲ್ಲಿ ಅದು ಜನರಿಗೆ ತೆರೆದಿರುತ್ತದೆ, ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು. ಸೋಮವಾರ ಬೆಳಗ್ಗೆ ವಾಪಸ್. ತಾಜ್‌ಮಹಲ್‌ಗೆ ಶುಕ್ರವಾರ ರಜೆ, ಕೆಂಪು ಕೋಟೆಗೆ ಸೋಮವಾರ ರಜೆ. ಅದಕ್ಕೇ ಈ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ. ನಿಮ್ಮ ಮನೆಯವರಿಗೆ ಇದಕ್ಕೆ ಹೆಚ್ಚೆಂದರೆ ಒಂದೂವರೆ ದಿನ ರಜೆ ಬೇಕು. ಆ ಎರಡು ದಿನ ಅತ್ತೆ ನೆಂಟರ ಮನೆಯಲ್ಲಿ ಆರಾಮಾಗಿ ಇರಬಹುದು. ಸಾಧ್ಯವಾದರೆ ಕಾಶಿಗೆ ಹೊರಡುವ ಮುಂಚೆಯೇ ಈ ಟಿಕೆಟ್ ತೆಗೆದು ಅವಳ ಕೈಗೆ ಕೊಡಿ.

ಕಾಶಿಯ ಟಿಕೆಟ್ ತೆಗೆಯುವಾಗ ಒಂದು ವಿಷಯ ಗಮನಿಸಿ. ಗುರುವಾರ ಬೆಳಗಿನ ವಿಮಾನ ಸ್ವಲ್ಪ ಅಗ್ಗವಾಗಿ ಕಂಡರೂ ಮಧ್ಯಾಹ್ನದ ಮೇಲೆ ಹೊರಡುವುದನ್ನೇ ಹುಡುಕಿ. ನೇರ ವಿಮಾನ ಆ ಹೊತ್ತಿಗೆ ಸಿಗದಿದ್ದರೆ ಒಂದು ಕಡೆ ಬದಲಿಸಿ ಬರುವುದಾದರೂ ಸರಿ. ಆ ಬೆಳಗ್ಗೆ ಏನೂ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಅಸ್ಸಿಯಲ್ಲಿ ಒಂದು ಕುರ್ಚಿ ಹಾಕಿಸಿ ಅತ್ತೆಯನ್ನು ನದಿಯ ಎದುರು ಕೂರಿಸಿ, ಪಕ್ಕದಲ್ಲಿ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಇರಲಿ. ಅವರಾಗಿ ಏಳುವವರೆಗೆ ಯಾರೂ ಎಬ್ಬಿಸಬೇಡಿ.